ಚಂದ್ರನಿಗೆ ಕೂಗಿ ಕಿವಿಗೊಟ್ಟವರು

1946ರ ಜನವರಿ 10. ಅಮೆರಿಕದ ನ್ಯೂಜೆರ್ಸಿ ಕರಾವಳಿಗೆ ಹತ್ತಿರದ ಕ್ಯಾಂಪ್ ಇವಾನ್ಸ್ ಎಂಬ ಸೇನಾ ಪ್ರಯೋಗಾಲಯ. ಮಧ್ಯಾಹ್ನ ಹನ್ನೆರಡು ಹೊಡೆಯಲು ಇನ್ನೆರಡು ನಿಮಿಷ ಇದ್ದಾಗ ಹ್ಯಾರಲ್ಡ್ ವೆಬ್ ಮತ್ತು ಹರ್ಬರ್ಟ್ ಕಾಫ್‌ಮನ್ ಎಂಬಿಬ್ಬರು ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲಿನ ಗೆರೆ ಸಣ್ಣದಾಗಿ ಗೂನು ಎತ್ತಿದ್ದನ್ನು ಕಂಡರು. ಸ್ಪೀಕರಿನಲ್ಲಿ ಅರೆಗಳಿಗೆ ಗುಂಯ್ ಎಂದಿತು. ಅವರು ಕಳಿಸಿದ್ದ ರೇಡಿಯೋ ಅಲೆ ಚಂದ್ರನನ್ನು ಮುಟ್ಟಿ, ಎರಡೂವರೆ ಸೆಕೆಂಡಿನಲ್ಲಿ ಮನೆಗೆ ಮರಳಿತ್ತು. ಈ ಗಳಿಗೆಗಾಗಿ ವರ್ಷಗಟ್ಟಲೆ ಹಂಬಲಿಸಿದ್ದ ತಂಡದ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಜಾನ್ ಡಿವಿಟ್ ಮಾತ್ರ ಆಗ ಅಲ್ಲಿರಲಿಲ್ಲ. ಪಕ್ಕದ ಬೆಲ್ಮಾರ್ ಊರಿಗೆ ಊಟಕ್ಕೆ ಹೋಗಿದ್ದವರು ಅಲ್ಲಿಯೇ ಅಂಗಡಿಯಲ್ಲಿ ಸಿಗರೇಟು ಕೊಳ್ಳುತ್ತಿದ್ದರು.

ಚಂದ್ರನಿಗೆ ರೇಡಿಯೋ ಅಲೆ ಕಳಿಸುವುದು ಸಾಹಸವೇನಲ್ಲ. ಮೇಲ್ಮುಖವಾಗಿ ಹೊರಟ, ಸಾಕಷ್ಟು ಹೆಚ್ಚಿನ ಕಂಪನಾಂಕದ ಯಾವ ಅಲೆಯಾದರೂ ಯಾರ ಅಪ್ಪಣೆಗೂ ಕಾಯದೆ ಅಲ್ಲಿಗೆ ಹೋಗಿ ಮುಟ್ಟುತ್ತದೆ. ಕಷ್ಟ ಇರುವುದೆಲ್ಲ ಅದು ಹಿಂದಿರುಗಿದಾಗ ಗುರುತು ಹಿಡಿಯುವುದರಲ್ಲಿ. ಆದ್ದರಿಂದ ಈ ಕಥೆಯಲ್ಲಿ ದೊಡ್ಡ ಕಂಠದವರಿಗಿಂತ ಸೂಕ್ಷ್ಮ ಕಿವಿಯವರೇ ಮುಖ್ಯರು. ಒಂದೇ ಸಮಸ್ಯೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬಿಡಿಸಿದರು. ಅದರಲ್ಲಿ ಒಬ್ಬರಂತೂ ಗಾಜಿನ ಕೊಳವೆಯಲ್ಲಿ ನೀರು ತುಂಬಿಟ್ಟುಕೊಂಡು ಬಿಡಿಸಿದರು.

ಎಷ್ಟು ಸೂಕ್ಷ್ಮ ಕಿವಿ ಬೇಕು? ಕ್ಯಾಂಪ್ ಇವಾನ್ಸ್‌ನ ಉಪಕರಣವನ್ನೇ ಇಟ್ಟುಕೊಂಡು ಒಂದು ಒರಟು ಲೆಕ್ಕ ಹಾಕೋಣ. ಅವರ ಟ್ರಾನ್ಸ್‌ಮಿಟರಿನ ಶಕ್ತಿ ಸುಮಾರು 3,000 ವಾಟ್. ಚಂದ್ರ ನಮ್ಮಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ, ನಮ್ಮ ಕಣ್ಣಿಗೆ ಕೇವಲ ಅರ್ಧ ಡಿಗ್ರಿಯ ಬಿಲ್ಲೆ. ಅಲೆಯನ್ನು ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲಿದರೆ ಆ ಬಿಲ್ಲೆಗೆ ತಗಲುವುದು ಎರಡು ಲಕ್ಷದಲ್ಲಿ ಒಂದು ಪಾಲು. ಅವರ ಆ್ಯಂಟೆನಾ ಶಕ್ತಿಯನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸಿ ಸುಮಾರು 250 ಪಟ್ಟು ಹೆಚ್ಚಿಸುತ್ತಿತ್ತು. ಅಂದರೆ 3,000 ವಾಟ್‌ನಲ್ಲಿ ಚಂದ್ರನ ಮೇಲೆ ಬಿದ್ದದ್ದು ನಾಲ್ಕು ವಾಟ್‌ಗೂ ಕಡಿಮೆ. ಚಂದ್ರನೇನು ಕನ್ನಡಿಯಲ್ಲ. ಬಿದ್ದದ್ದರಲ್ಲಿ ನೂರಕ್ಕೆ ಆರೇಳು ಪಾಲನ್ನು ಮಾತ್ರ ಹಿಂದಕ್ಕೆ ಎಸೆದು ಉಳಿದದ್ದನ್ನು ನುಂಗಿಬಿಡುತ್ತಾನೆ. ಕೊನೆಗೆ ಉಳಿದದ್ದು ಕಾಲು ವಾಟ್. ಆಟಿಕೆಯ ಬಲ್ಬಿಗೆ ಸಾಕಾಗುವಷ್ಟು ಶಕ್ತಿ ಚಂದ್ರನಿಂದ ಹೊರಟು, ಬರುವ ದಾರಿಯುದ್ದಕ್ಕೂ ಮತ್ತೆ ಹರಡಿಕೊಂಡು, ನ್ಯೂಜೆರ್ಸಿಯ ಒಂದು ತಂತಿಬಲೆಯ ಮೇಲೆ ಎಷ್ಟು ಬಿದ್ದೀತು? ಒಂದು ವಾಟ್ ಅನ್ನು ಹತ್ತರಿಂದ ಹದಿನೇಳು ಸಲ ಭಾಗಿಸಿದರೆ ಸಿಗುವ ಚೂರು, ಅಂಥ ಒಂದೆರಡು.

ಹೋಗುವಾಗ ದೂರದ ವರ್ಗಕ್ಕೆ ತಕ್ಕಂತೆ ಅಲೆ ಕ್ಷೀಣಿಸುತ್ತದೆ, ಬರುವಾಗ ಇನ್ನೊಮ್ಮೆ ಅಷ್ಟೇ ಕ್ಷೀಣಿಸುತ್ತದೆ. ಒಟ್ಟಿನಲ್ಲಿ ನಷ್ಟ ದೂರದ ನಾಲ್ಕನೇ ಘಾತ. ಎಂಜಿನಿಯರುಗಳ ಭಾಷೆಯಲ್ಲಿ ಈ ಹೋಗಿಬರುವ ನಷ್ಟ 250 ಡೆಸಿಬೆಲ್‌ನ ಆಸುಪಾಸು, ಎಂದರೆ ಒಂದರ ಮುಂದೆ ಇಪ್ಪತ್ತೈದು ಸೊನ್ನೆ ಬರೆದು ಅದರಿಂದ ಭಾಗಿಸುವುದು. ಬೆಂಗಳೂರಿನಾಚೆ ಬ್ಯಾಲಾಳುವಿನ 32 ಮೀಟರ್ ಬಟ್ಟಲಿನಾಕಾರದ ಆ್ಯಂಟೆನಾ ಚಂದ್ರಯಾನ ನೌಕೆಯ ಮಾತನ್ನು ಕೇಳುವಾಗ ಈ ಕಷ್ಟದಲ್ಲಿ ಅರ್ಧ ಇರುವುದಿಲ್ಲ. ಅಲ್ಲಿ ನೌಕೆಯೇ ತನ್ನ ಸ್ವಂತ ಟ್ರಾನ್ಸ್‌ಮಿಟರಿನಿಂದ ನಮ್ಮ ಕಡೆಗೇ ತಿರುಗಿ ಮಾತನಾಡುತ್ತದೆ. ಅಲೆ ಒಂದೇ ದಾರಿ ನಡೆಯುತ್ತದೆ. ಚಂದ್ರನ ಮೈಗೆ ತಾಗಿಸಿ ವಾಪಸು ಪಡೆಯುವವರಿಗೆ ಎರಡು ದಾರಿಯ ಸುಂಕ.

ಕ್ಷೀಣವಾಗಿದ್ದರೇನಂತೆ, ಆಂಪ್ಲಿಫೈಯರಿನಿಂದ ಹಿಗ್ಗಿಸಿದರಾಯಿತು ಎಂದರೆ ಆಗುವುದಿಲ್ಲ. ರಿಸೀವರಿನೊಳಗಿನ ಎಲೆಕ್ಟ್ರಾನುಗಳು ಶಾಖದಿಂದ ಸದಾ ತುಯ್ದಾಡುತ್ತಿರುತ್ತವೆ, ಆಕಾಶಗಂಗೆ ತಾನೂ ರೇಡಿಯೋ ಅಲೆ ಸುರಿಸುತ್ತಿರುತ್ತದೆ. ಇವೆಲ್ಲ ಸೇರಿ ಎಡೆಬಿಡದ ಒಂದು ಮೊರೆತ. ಹಿಗ್ಗಿಸಿದರೆ ಪ್ರತಿಧ್ವನಿಯ ಜೊತೆ ಈ ಗದ್ದಲವೂ ಹಿಗ್ಗುತ್ತದೆ. ಸಂತೆಯ ನಡುವೆ ಯಾರೋ ಪಿಸುಗುಟ್ಟಿದ್ದನ್ನು ಕೇಳಲು ಮೈಕು ಹಿಡಿದಂತೆ.

ಡಿವಿಟ್ ಅವರಿಗೆ ಇದು ಸ್ವಂತ ಅನುಭವದಿಂದ ಗೊತ್ತಿತ್ತು. ಯುದ್ಧಕ್ಕೆ ಮೊದಲು ಅವರು ನ್ಯಾಶ್‌ವಿಲ್ ನಗರದ ಡಬ್ಲ್ಯೂಎಸ್‌ಎಂ ರೇಡಿಯೋ ಕೇಂದ್ರದಲ್ಲಿ ಎಂಜಿನಿಯರ್. ಹ್ಯಾಮ್ ರೇಡಿಯೋ (ಹವ್ಯಾಸಕ್ಕೆಂದು ನಡೆಸುವ ರೇಡಿಯೋ ಸಂಪರ್ಕ) ಮತ್ತು ದೂರದರ್ಶಕ, ಎರಡೂ ಹುಚ್ಚು. 1940ರ ಮೇ ತಿಂಗಳಲ್ಲಿ 138 ಮೆಗಾಹರ್ಟ್ಸ್‌ನಲ್ಲಿ, 80 ವಾಟ್ ಶಕ್ತಿಯಲ್ಲಿ ಚಂದ್ರನ ಕಡೆಗೆ ಸಂಕೇತ ಕಳಿಸಿ ಕಾದರು. ಏನೂ ಬರಲಿಲ್ಲ. ರಿಸೀವರ್ ಸಾಲದು ಎಂಬುದು ಅವರಿಗೆ ಅರ್ಥವಾಯಿತು.

ಐದು ವರ್ಷದ ನಂತರ ಸೇನೆಯೇ ಅವರಿಗೆ ನೆಪ ಒದಗಿಸಿತು. ಜರ್ಮನಿಯ ವಿ-2 ರಾಕೆಟ್‌ಗಳನ್ನು ಕಂಡು ಎಲ್ಲರೂ ಬೆದರಿದ್ದ ಕಾಲ. ವಾಯುಮಂಡಲದ ಮೇಲಂಚಿಗೆ ಏರಿ ಬರುವ ಇಂಥ ಕ್ಷಿಪಣಿಯನ್ನು ರಾಡಾರ್ ಪತ್ತೆ ಮಾಡಬಲ್ಲದೆ ಎಂಬುದು ಪ್ರಶ್ನೆ. ಭೂಮಿಯ ಮೇಲೆ ನೂರಾರು ಕಿ.ಮೀ. ಎತ್ತರದಲ್ಲಿ ವಿದ್ಯುದಾವೇಶದ ಕಣಗಳ ಒಂದು ಹೊದಿಕೆ ಇದೆ, ಅಯಾನುಗೋಳ. ಅಗ್ಗದ ಶಾರ್ಟ್‌ವೇವ್ ರೇಡಿಯೋದಲ್ಲಿ ಸಾಗರದಾಚೆಯ ದೇಶ ಕೇಳುವುದು ಈ ಹೊದಿಕೆ ಅಲೆಗಳನ್ನು ಕೆಳಕ್ಕೆ ಬಾಗಿಸಿ ಕಳಿಸುವುದರಿಂದ. ಹೆಚ್ಚಿನ ಕಂಪನಾಂಕದ ಅಲೆಗಳು ಇದನ್ನು ತೂರಿ ಹೋಗುತ್ತವೆ ಎಂದು ಸಿದ್ಧಾಂತ ಹೇಳುತ್ತಿತ್ತು. 1930ರ ದಶಕದಲ್ಲಿಯೇ ಕಾರ್ಲ್ ಜಾನ್ಸ್ಕಿ ಆಕಾಶಗಂಗೆಯ ರೇಡಿಯೋ ಮೊರೆತವನ್ನು ಕೇಳಿದ್ದರಿಂದ ಹೊರಗಿನ ಅಲೆ ಒಳಗೆ ಬರುತ್ತದೆ ಎಂಬುದೂ ತಿಳಿದಿತ್ತು. ನಾವು ಕಳಿಸಿದ ಅಲೆ ತೂರಿ ಹೋಗಿ, ತಿರುಗಿ ತೂರಿ ಬರುವುದನ್ನು ಮಾತ್ರ ಯಾರೂ ಮಾಡಿ ತೋರಿಸಿರಲಿಲ್ಲ. ಪರೀಕ್ಷಿಸಲು ಕ್ಷಿಪಣಿ ಕೈಯಲ್ಲಿಲ್ಲ. ಚಂದ್ರನಿದ್ದಾನಲ್ಲ ಎಂದರು ಡಿವಿಟ್. ಯೋಜನೆಗೆ ರೋಮನ್ನರ ಚಂದ್ರದೇವತೆಯ ಹೆಸರು ಬಂತು, ‘ಪ್ರಾಜೆಕ್ಟ್ ಡಯಾನಾ’.

ಯುದ್ಧಕಾಲದ ಎಸ್‌ಸಿಆರ್-271 ರಾಡಾರ್ ಒಂದನ್ನು ಬಿಚ್ಚಿ ಮಾರ್ಪಡಿಸಿದರು. ಇ. ಕಿಂಗ್ ಸ್ಟೊಡೋಲಾ ತಂಡದ ಮುಖ್ಯ ವಿಜ್ಞಾನಿ. ಇಲ್ಲಿ ಅವರು ಮಾಡಿದ ಜಾಣತನ ಅರಿಯುವಂಥದ್ದು. ಸಾಮಾನ್ಯ ರಾಡಾರ್ ಸೆಕೆಂಡಿನ ಲಕ್ಷದ ಒಂದೆರಡು ಭಾಗದಷ್ಟು ಚಿಕ್ಕ ಮಿಡಿತಗಳನ್ನು ಎಸೆಯುತ್ತದೆ. ವಿಮಾನ ಎಲ್ಲಿದೆ ಎಂಬುದನ್ನು ಮೀಟರುಗಳ ಲೆಕ್ಕದಲ್ಲಿ ಹೇಳಬೇಕಾದರೆ ಮಿಡಿತ ಚಿಕ್ಕದಿರಬೇಕು. ಆದರೆ ಚಿಕ್ಕ ಮಿಡಿತ ಕಂಪನಾಂಕಗಳ ದೊಡ್ಡ ಹರವಿನಲ್ಲಿ ಚೆದುರಿಕೊಳ್ಳುತ್ತದೆ. ಅದನ್ನು ಹಿಡಿಯಲು ರಿಸೀವರಿನ ಬಾಗಿಲನ್ನು ಅಗಲವಾಗಿ ತೆರೆದಿಡಬೇಕು, ತೆರೆದಷ್ಟೂ ಗದ್ದಲ ಒಳನುಗ್ಗುತ್ತದೆ. ಚಂದ್ರ ಎಲ್ಲಿದ್ದಾನೆ ಎಂಬುದು ಪಂಚಾಂಗದಲ್ಲಿಯೇ ಇದೆ. ಹಾಗಾಗಿ ನಿಖರತೆಯ ಹಂಗು ಬಿಟ್ಟು ಕಾಲು ಸೆಕೆಂಡಿನಷ್ಟು ಉದ್ದದ ಮಿಡಿತವನ್ನು 111.5 ಮೆಗಾಹರ್ಟ್ಸ್‌ನಲ್ಲಿ ಕಳಿಸಿದರು. ಅಂಥ ಒಂದು ಮಿಡಿತ ಆಕಾಶದಲ್ಲಿ 75,000 ಕಿ.ಮೀ. ಉದ್ದದ ರೈಲು. ಇಷ್ಟು ಉದ್ದದ, ಒಂದೇ ಶ್ರುತಿಯ ಸ್ವರಕ್ಕೆ ರಿಸೀವರಿನ ಬಾಗಿಲನ್ನು ಕೇವಲ 57 ಹರ್ಟ್ಸ್‌ನಷ್ಟು ಸಂದು ಉಳಿಸಿ ಮುಚ್ಚಿಬಿಡಬಹುದು. ಗದ್ದಲದ ಬಹುಪಾಲು ಹೊರಗೇ ನಿಲ್ಲುತ್ತದೆ.

ಸಂದು ಕಿರಿದಾದ ಮೇಲೆ ಇನ್ನೊಂದು ತಲೆನೋವು. ಚಂದ್ರೋದಯದ ವೇಳೆ ಭೂಮಿಯ ತಿರುಗುವಿಕೆ ನಮ್ಮನ್ನು ಚಂದ್ರನ ಕಡೆಗೆ ಒಯ್ಯುತ್ತಿರುತ್ತದೆ, ಚಂದ್ರಾಸ್ತದಲ್ಲಿ ದೂರ ಒಯ್ಯುತ್ತದೆ. ಎದುರು ಬರುವ ರೈಲಿನ ಸೀಟಿ ಏರುಸ್ವರದಲ್ಲಿ, ದಾಟಿ ಹೋದ ಮೇಲೆ ಇಳಿಸ್ವರದಲ್ಲಿ ಕೇಳುವ ಡಾಪ್ಲರ್ ಪರಿಣಾಮ ಇಲ್ಲಿಯೂ ಉಂಟು. ಪ್ರತಿಧ್ವನಿಯ ಶ್ರುತಿ 300 ಹರ್ಟ್ಸ್‌ನಷ್ಟು ಸರಿದುಬಿಡಬಹುದು. ಬಾಗಿಲಿನ ಸಂದು 57, ಅತಿಥಿ ಬರುವುದು 300 ಆಚೆ. ಆಯಾ ದಿನ, ಆಯಾ ಗಂಟೆಗೆ ಚಂದ್ರನ ಸಾಪೇಕ್ಷ ವೇಗ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಬಾಗಿಲನ್ನೇ ಸರಿಸಿಟ್ಟುಕೊಂಡು ಕಾಯಬೇಕು. ಎಫ್‌ಎಂ ರೇಡಿಯೋದ ಜನಕ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಇದಕ್ಕೆ ಒದಗುವ ರಿಸೀವರಿನ ವಿಷಯದಲ್ಲಿ ತಂಡಕ್ಕೆ ಸಲಹೆಗಾರರಾಗಿದ್ದರು. ಒಂದು ಸ್ಫಟಿಕದ ಕಂಪನದಿಂದಲೇ ಎಲ್ಲ ಕಂಪನಾಂಕಗಳನ್ನೂ ಹುಟ್ಟಿಸಿ ಶ್ರುತಿ ಜಾರದಂತೆ ಕಟ್ಟಿದ್ದ ಯಂತ್ರ ಅದು.

ಆ್ಯಂಟೆನಾ ಎಂದರೆ ನೂರಡಿ ಗೋಪುರದ ಮೇಲೆ ನಿಲ್ಲಿಸಿದ ಮಂಚದ ಸ್ಪ್ರಿಂಗ್ ಚೌಕಟ್ಟಿನಂಥ ರಚನೆ, 64 ಕಡ್ಡಿಗಳದ್ದು. ಅದನ್ನು ಎಡಬಲಕ್ಕೆ ತಿರುಗಿಸಬಹುದಿತ್ತು, ಮೇಲಕ್ಕೆ ಎತ್ತಲು ಬರುತ್ತಿರಲಿಲ್ಲ. ಆದ್ದರಿಂದ ಚಂದ್ರ ದಿಗಂತದ ಬಳಿ ಇರುವ ಮುಕ್ಕಾಲು ಗಂಟೆಯಷ್ಟು ಹೊತ್ತೇ ಪ್ರಯೋಗ, ಮೂಡುವಾಗ ಒಮ್ಮೆ, ಮುಳುಗುವಾಗ ಒಮ್ಮೆ. ಮಧ್ಯಾಹ್ನ ಹನ್ನೆರಡಕ್ಕೆ ಚಂದ್ರೋದಯವೇ ಎಂದು ಹುಬ್ಬೇರಿಸಬೇಕಿಲ್ಲ. ಶುಕ್ಲಪಕ್ಷದ ಅಷ್ಟಮಿಯ ಹೊತ್ತಿಗೆ ಚಂದ್ರ ನಡುಹಗಲಿಗೇ ಮೂಡುತ್ತಾನೆ, ಬಿಸಿಲಿನಲ್ಲಿ ನಾವು ನೋಡುವುದಿಲ್ಲ ಅಷ್ಟೆ.

ಸುದ್ದಿಯನ್ನು ಸೇನೆ ಎರಡು ವಾರ ಹೊರಬಿಡಲಿಲ್ಲ. ಬೇರೆ ರಾಡಾರ್ ತಜ್ಞರು ಕಣ್ಣಾರೆ ನೋಡಬೇಕೆಂದು ಮೇಲಿನವರ ಹಟ. ತಜ್ಞರು ಬಂದರು, ಜನರಲ್ ಬಂದರು, ಚಂದ್ರನೂ ಬಂದ, ಪ್ರತಿಧ್ವನಿ ಮಾತ್ರ ಬರಲಿಲ್ಲ. ಡಿವಿಟ್ ಬೆವರುತ್ತಿದ್ದಾಗ ಪಕ್ಕದ ರಸ್ತೆಯಲ್ಲಿ ಒಂದು ದೊಡ್ಡ ಲಾರಿ ಗಡಗಡಿಸಿಕೊಂಡು ಹೋಯಿತು. ಕೂಡಲೇ ಪರದೆಯ ಮೇಲೆ ಪ್ರತಿಧ್ವನಿಗಳು ಎದ್ದವು. ಯಾವುದೋ ಸ್ಫಟಿಕ ಕಂಪಿಸದೆ ಕುಳಿತಿತ್ತು, ಇಲ್ಲವೇ ಯಾವುದೋ ತಂತಿ ಸಡಿಲವಾಗಿತ್ತು, ಲಾರಿಯ ಅದುರಿಗೆ ಸರಿಹೋಯಿತು ಎಂದು ಡಿವಿಟ್ ಮುಂದೆಯೂ ನಂಬಿದ್ದರು. ಹಳೆಯ ರೇಡಿಯೋದ ತಲೆಗೆ ತಟ್ಟಿ ಸರಿಮಾಡಿದ ಅನುಭವ ಇರುವವರು ಇದನ್ನು ನಂಬದೆ ಇರಲಾರರು.

ಜನವರಿ ಕೊನೆಯಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದರಲ್ಲಿ ಒಂದು ಹೆಸರು ಇರಲಿಲ್ಲ. ಚಂದ್ರನಿಂದ ಪ್ರತಿಧ್ವನಿ ಬರುವುದಾದರೆ ಎಷ್ಟು ಬರಬೇಕು, ಈ ಉಪಕರಣಕ್ಕೆ ಅದು ಕೇಳಿಸೀತೆ ಎಂಬ ಸೈದ್ಧಾಂತಿಕ ಲೆಕ್ಕ ಹಾಕಿಕೊಟ್ಟವರು ವಾಲ್ಟರ್ ಮೆಕಾಫಿ. ಟೆಕ್ಸಾಸ್‌ನ ಕಪ್ಪು ಸಮುದಾಯದ ಗಣಿತಜ್ಞ, 1942ರಿಂದ ಅದೇ ಪ್ರಯೋಗಾಲಯದಲ್ಲಿದ್ದವರು. ಲೆಕ್ಕ ಆಗುವುದೆಂದು ಹೇಳದಿದ್ದರೆ ಯಾರು ತಾನೇ ಗೋಪುರ ಹತ್ತುತ್ತಿದ್ದರು? ಅವರ ಪಾತ್ರವನ್ನು ಬಹಿರಂಗವಾಗಿ ನೆನೆದದ್ದು 25 ವರ್ಷದ ನಂತರ, 1971ರ ಸಮಾರಂಭದಲ್ಲಿ. ಮೆಕಾಫಿ ಅಷ್ಟರಲ್ಲಿ ಕಾರ್ನೆಲ್‌ನಲ್ಲಿ ಭೌತವಿಜ್ಞಾನಿ ಹ್ಯಾನ್ಸ್ ಬೆಥೆ ಅವರ ಕೈಕೆಳಗೆ ಪಿಎಚ್.ಡಿ. ಮುಗಿಸಿ, ಸೇನೆಯ ಪ್ರಯೋಗಾಲಯದಲ್ಲಿ ಎತ್ತರದ ಹುದ್ದೆಗಳಿಗೆ ಏರಿದ್ದರು.

ಈಗ ಬುಡಾಪೆಸ್ಟ್‌ಗೆ ಹೋಗೋಣ. ನನಗೆ ಹೆಚ್ಚು ಇಷ್ಟವಾದ ಭಾಗ ಇದು, ಆದ್ದರಿಂದ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಝೋಲ್ತಾನ್ ಬಾಯ್ ಹಂಗೇರಿಯ ಭೌತವಿಜ್ಞಾನಿ, ಬಲ್ಬು ಮತ್ತು ರೇಡಿಯೋ ವಾಲ್ವುಗಳಿಗೆ ಹೆಸರಾದ ತುಂಗ್‌ಸ್ರಾಮ್ ಕಂಪನಿಯ ಪ್ರಯೋಗಾಲಯದ ಮುಖ್ಯಸ್ಥ. ಯುದ್ಧಕಾಲದಲ್ಲಿ ದೇಶಕ್ಕೆ ರಾಡಾರ್ ಕಟ್ಟಿಕೊಡುತ್ತಿದ್ದ ಅವರ ತಂಡ 1944ರಲ್ಲಿಯೇ ಚಂದ್ರನ ಪ್ರಯೋಗಕ್ಕೆ ಕೈಹಾಕಿತು. ಬಾಂಬ್ ದಾಳಿಯ ಭಯದಿಂದ ಪ್ರಯೋಗಾಲಯವನ್ನು ಹಳ್ಳಿಗೆ ಸಾಗಿಸಬೇಕಾಯಿತು. ಆಮೇಲೆ ಯುದ್ಧರಂಗ ಬುಡಾಪೆಸ್ಟ್‌ಗೇ ಬಂತು. 1945ರಲ್ಲಿ ಗೆದ್ದ ಸೋವಿಯತ್ ಪಡೆ ತುಂಗ್‌ಸ್ರಾಮ್ ಕಾರ್ಖಾನೆಯನ್ನು ಯಂತ್ರಗಳ ಸಮೇತ ಕಳಚಿ ಯುದ್ಧ ಪರಿಹಾರವೆಂದು ಸಾಗಿಸಿಬಿಟ್ಟಿತು, ಚಂದ್ರನಿಗಾಗಿ ಮಾಡಿಟ್ಟಿದ್ದ ಉಪಕರಣವೂ ಅದರಲ್ಲಿ ಹೋಯಿತು. ತಂಡ ಮತ್ತೆ ಮೊದಲಿನಿಂದ ಕಟ್ಟಿತು.

ಅಮೆರಿಕನ್ನರ ಬಳಿ ಇದ್ದ ನಿಖರ ಸ್ಫಟಿಕಗಳಾಗಲಿ, ಸ್ಥಿರವಾದ ರಿಸೀವರಾಗಲಿ ಬಾಯ್ ಅವರ ಬಳಿ ಇರಲಿಲ್ಲ. ಬಾಗಿಲನ್ನು ಅಷ್ಟು ಕಿರಿದು ಮಾಡಲು ಆಗದು. ಅವರ ಲೆಕ್ಕದ ಪ್ರಕಾರ ಪ್ರತಿಧ್ವನಿ ಗದ್ದಲಕ್ಕಿಂತಲೂ ಕೆಳಗೆ ಹೂತುಹೋಗಿರುತ್ತದೆ, ಪರದೆಯ ಮೇಲೆ ಕಾಣುವ ಮಾತೇ ಇಲ್ಲ. ಹಾಗಾದರೆ ಒಂದು ಸಲ ಕೇಳಿಸದ್ದನ್ನು ಸಾವಿರ ಸಲ ಕೇಳಿ ಕೂಡಿಸೋಣ ಎಂದರು. ಮೂರು ಸೆಕೆಂಡಿಗೊಂದು ಮಿಡಿತ ಕಳಿಸಿದರೆ ಪ್ರತಿಧ್ವನಿ ಪ್ರತಿ ಸಲವೂ ನಿಗದಿತ ಹೊತ್ತಿಗೇ, ಎರಡೂವರೆ ಸೆಕೆಂಡಿಗೇ ಬರುತ್ತದೆ. ಗದ್ದಲಕ್ಕೆ ಅಂಥ ಶಿಸ್ತಿಲ್ಲ, ಒಮ್ಮೆ ಏರಿದರೆ ಇನ್ನೊಮ್ಮೆ ಇಳಿಯುತ್ತದೆ. ಸಾವಿರ ಸಲ ಕೂಡಿದರೆ ಪ್ರತಿಧ್ವನಿ ಸಾವಿರ ಪಟ್ಟು ಬೆಳೆಯುತ್ತದೆ, ಗದ್ದಲದ ಏರಿಳಿತ ಸಾವಿರದ ವರ್ಗಮೂಲದಷ್ಟು, ಎಂದರೆ ಸುಮಾರು 32 ಪಟ್ಟು ಮಾತ್ರ. ಹನಿಗೂಡಿದರೆ ಹಳ್ಳ, ಆದರೆ ಗೂಡುವ ಹನಿ ಒಂದೇ ಜಾಗದಲ್ಲಿ ಬೀಳುತ್ತಿರಬೇಕು.

ಕೂಡುವುದು ಯಾವುದರಲ್ಲಿ? ಕಂಪ್ಯೂಟರ್ ಇಲ್ಲ, ಟೇಪ್ ಇಲ್ಲ. ಬಾಯ್ ಹಿಡಿದದ್ದು ಕೂಲೋಮೀಟರ್ ಎಂಬ ಸರಳ ಸಾಧನವನ್ನು. ನೀರಿನಲ್ಲಿ ವಿದ್ಯುತ್ ಹರಿಸಿದರೆ ಜಲಜನಕದ ಗುಳ್ಳೆಗಳು ಏಳುತ್ತವೆ ಎಂಬುದನ್ನು ನಾವೆಲ್ಲ ಹೈಸ್ಕೂಲಿನಲ್ಲಿ ನೋಡಿದ್ದೇವೆ. ಎಷ್ಟು ವಿದ್ಯುತ್ ಹರಿಯಿತೋ ಅಷ್ಟು ಅನಿಲ, ಎಷ್ಟು ಹೊತ್ತಾದರೂ ಅದು ಅಲ್ಲಿಯೇ ಕುಳಿತಿರುತ್ತದೆ. ಸಣ್ಣ ಗಾಜಿನ ಕೊಳವೆಗಳಲ್ಲಿ ಇಂಥ ಹತ್ತು ಕೂಲೋಮೀಟರುಗಳನ್ನು ಸಾಲಾಗಿ ನಿಲ್ಲಿಸಿ, ತಿರುಗುವ ಒಂದು ಸ್ವಿಚ್ಚಿನಿಂದ ರಿಸೀವರಿನ ಹೊರಹರಿವನ್ನು ಒಂದಾದ ಮೇಲೊಂದಕ್ಕೆ ಹಂಚಿದರು. ಮಿಡಿತ ಹೊರಟ ನಂತರದ ಮೊದಲ ತುಣುಕು ಹೊತ್ತು ಒಂದನೇ ಕೊಳವೆಗೆ, ಮುಂದಿನದು ಎರಡಕ್ಕೆ, ಹೀಗೆ. ಮುಂದಿನ ಮಿಡಿತದೊಂದಿಗೆ ಮತ್ತೆ ಒಂದರಿಂದ ಸುತ್ತು ಶುರು. ಎಲ್ಲ ಕೊಳವೆಗಳಿಗೂ ಗದ್ದಲದ ಪಾಲು ಸಮನಾಗಿ ಬೀಳುತ್ತದೆ, ಎಲ್ಲದರಲ್ಲಿಯೂ ಅನಿಲ ಏರುತ್ತದೆ. ಪ್ರತಿಧ್ವನಿಯ ಹೊತ್ತಿಗೆ ಸರಿಯಾಗಿ ಬಾಯ್ದೆರೆದ ಕೊಳವೆಯಲ್ಲಿ ಮಾತ್ರ ತುಸು ಹೆಚ್ಚು.

1946ರ ಫೆಬ್ರವರಿ 6ರಂದು ಬುಡಾಪೆಸ್ಟ್‌ನ ಉಯ್‌ಪೆಶ್ತ್‌ನಲ್ಲಿ 120 ಮೆಗಾಹರ್ಟ್ಸ್‌ನಲ್ಲಿ ಮಿಡಿತಗಳು ಹೊರಟವು. ಐವತ್ತು ನಿಮಿಷ, ಸಾವಿರ ಸುತ್ತು. ಕೊನೆಗೆ ನೋಡಿದಾಗ ಬರಬೇಕಾದ ಕೊಳವೆಯಲ್ಲಿ ಅನಿಲದ ಮಟ್ಟ ಮೇಲಿತ್ತು. ಆ ಐವತ್ತು ನಿಮಿಷದಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ, ಕಾಣಿಸಿರಲಿಲ್ಲ. ಚಂದ್ರ ಬರೆದ ಉತ್ತರವನ್ನು ಗಾಜಿನ ಕೊಳವೆಯಲ್ಲಿ ಅಳತೆಪಟ್ಟಿ ಇಟ್ಟು ಓದಿಕೊಂಡರು.

ದಿನ ಎಣಿಸಿದರೆ ಡಯಾನಾ ನಾಲ್ಕು ವಾರ ಮುಂದು. ಆದರೆ ಯಾರು ಮೊದಲು ಎಂಬ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ಬಾಯ್ ಅವರ ಉಪಾಯ, ಅಂದರೆ ಗದ್ದಲದಡಿ ಹೂತದ್ದನ್ನು ಮತ್ತೆ ಮತ್ತೆ ಕೂಡಿಸಿ ಮೇಲೆತ್ತುವುದು, ಮುಂದೆ ಶುಕ್ರಗ್ರಹದ ರಾಡಾರಿನಲ್ಲಿಯೂ ರೇಡಿಯೋದಲ್ಲಿ ಮಿಡಿಯುವ ತಾರೆಗಳಾದ ದುರ್ಬಲ ಪಲ್ಸಾರ್‌ಗಳ ಹುಡುಕಾಟದಲ್ಲಿಯೂ ನಿತ್ಯದ ಪದ್ಧತಿಯಾಯಿತು. ಬಾಯ್ 1948ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದರು. ಬೆಳಕಿನ ವೇಗವನ್ನು ಆಧಾರವಾಗಿಟ್ಟು ಮೀಟರಿನ ವ್ಯಾಖ್ಯೆ ಮಾಡಬೇಕೆಂದು ವಾದಿಸಿದವರಲ್ಲಿ ಅವರೂ ಒಬ್ಬರು. 1983ರಲ್ಲಿ ಹಾಗೆಯೇ ಆಯಿತು.

ಪ್ರತಿಧ್ವನಿ ಸಿಕ್ಕಿತು, ಸರಿ. ಅದು ನೆಟ್ಟಗಿರುತ್ತಿರಲಿಲ್ಲ. ಒಂದು ಗಳಿಗೆ ಚೆನ್ನಾಗಿ ಬಂದು ಮರುಗಳಿಗೆ ಮಾಯ. ಆಸ್ಟ್ರೇಲಿಯಾದ ಫ್ರಾಂಕ್ ಕರ್ ಮತ್ತು ಅಲೆಕ್ಸ್ ಶೇನ್ 1947–48ರಲ್ಲಿ ಒಂದು ಮೋಜಿನ ಏರ್ಪಾಡು ಮಾಡಿದರು. ಶೆಪರ್ಟನ್‌ನಲ್ಲಿದ್ದ ರೇಡಿಯೋ ಆಸ್ಟ್ರೇಲಿಯಾದ ಪ್ರಸಾರ ಕೇಂದ್ರವನ್ನು ಕಾರ್ಯಕ್ರಮಗಳ ಬಿಡುವಿನಲ್ಲಿ ಎರವಲು ಪಡೆದು, 20 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಚಂದ್ರನ ಕಡೆ ಮಿಡಿತ ಕಳಿಸಿ, ಸಿಡ್ನಿ ಬಳಿಯ ಹಾರ್ನ್ಸ್‌ಬಿಯಲ್ಲಿ ಕೇಳಿದರು. ಏರಿಳಿತದಲ್ಲಿ ಎರಡು ಬಗೆ ಇತ್ತು, ಒಂದು ಸೆಕೆಂಡುಗಳ ಲೆಕ್ಕದ್ದು, ಇನ್ನೊಂದು ನಿಧಾನದ್ದು. ವೇಗದ್ದಕ್ಕೆ ಕಾರಣ ಚಂದ್ರನೇ. ಒಂದೇ ಮುಖ ತೋರಿಸುತ್ತಾನೆ ಎಂಬ ಹೆಸರಿದ್ದರೂ ಅವನು ನಮ್ಮ ಕಣ್ಣಿಗೆ ಸಣ್ಣಗೆ ತೂಗಿಕೊಳ್ಳುತ್ತಿರುತ್ತಾನೆ. ಅವನ ಮೈಮೇಲಿನ ಬೇರೆ ಬೇರೆ ಉಬ್ಬುತಗ್ಗುಗಳಿಂದ ಬರುವ ಅಲೆಗಳು ಒಮ್ಮೆ ಒಂದಕ್ಕೊಂದು ಕೂಡಿ, ಇನ್ನೊಮ್ಮೆ ಒಂದನ್ನೊಂದು ಅಳಿಸಿ ಆಡುತ್ತವೆ.

ನಿಧಾನದ ಏರಿಳಿತದ ಗುಟ್ಟು ಬಯಲಾದದ್ದು 1954ರಲ್ಲಿ, ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್‌ನಲ್ಲಿ. ಮರ್ರೇ ಮತ್ತು ಹಾರ್ಗ್ರೀವ್ಸ್ ಕಂಡುಕೊಂಡದ್ದು ಇಷ್ಟು: ರೇಡಿಯೋ ಅಲೆ ಒಂದು ನಿರ್ದಿಷ್ಟ ಓರೆಯಲ್ಲಿ ಕಂಪಿಸುತ್ತದೆ. ಭೂಮಿಯ ಕಾಂತಕ್ಷೇತ್ರದಲ್ಲಿರುವ ಅಯಾನುಗೋಳವನ್ನು ಹಾಯುವಾಗ ಆ ಓರೆ ಸ್ಕ್ರೂ ತಿರುಚಿದಂತೆ ತಿರುಚಿಕೊಳ್ಳುತ್ತದೆ. ಅಡ್ಡಡ್ಡ ಕಳಿಸಿದ್ದು ಉದ್ದುದ್ದ ಬಂದರೆ, ಅಡ್ಡ ಮಲಗಿಸಿದ ಆ್ಯಂಟೆನಾಗೆ ಅದು ಕೇಳುವುದೇ ಇಲ್ಲ. ಅಲೆ ಬಂದಿರುತ್ತದೆ, ಕಿವಿ ಓರೆಯಾಗಿರುತ್ತದೆ. ಫ್ಯಾರಡೆ ತಿರುಚು ಎಂಬ ಇದು ತಿಳಿದ ಮೇಲೆ ಕಾಟವೇ ಅಳತೆಗೋಲಾಯಿತು. ಎಷ್ಟು ತಿರುಚಿದೆ ಎಂದು ನೋಡಿ ಭೂಮಿಯ ಮೇಲಿನ ಆ ಹೊದಿಕೆಯಲ್ಲಿ ಒಟ್ಟು ಎಷ್ಟು ಎಲೆಕ್ಟ್ರಾನುಗಳಿವೆ ಎಂದು ಲೆಕ್ಕ ಹಾಕತೊಡಗಿದರು.

ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿದ್ದ ಜೇಮ್ಸ್ ಟ್ರೆಕ್ಸ್ಲರ್ ಅವರ ಯೋಚನೆ ಬೇರೆ ಥರದ್ದು. ನಾವು ಕಳಿಸಿದ್ದು ಚಂದ್ರನಿಂದ ಬರುತ್ತದೆ ಎಂದರೆ ಸೋವಿಯತ್ ರಾಡಾರ್‌ಗಳು ಆಕಾಶಕ್ಕೆ ಸೋರಿಸಿದ್ದೂ ಬರಬೇಕಲ್ಲ? ಕದ್ದು ಕೇಳಲು ಗಡಿಯ ಬಳಿ ಹೋಗಬೇಕಿಲ್ಲ, ಚಂದ್ರ ಇಬ್ಬರ ಆಕಾಶದಲ್ಲಿಯೂ ಇರುವ ಹೊತ್ತಿಗೆ ಮನೆಯಲ್ಲಿ ಕುಳಿತು ಕಿವಿಗೊಟ್ಟರೆ ಸಾಕು. ಬೇಕಾದದ್ದು ದೊಡ್ಡ ಬಟ್ಟಲು. ಹಣ ಅಷ್ಟಿಲ್ಲ. ಮೇರಿಲ್ಯಾಂಡ್‌ನ ಸ್ಟಂಪ್ ನೆಕ್ ಎಂಬಲ್ಲಿ ರಸ್ತೆ ಕಾಮಗಾರಿಯ ಯಂತ್ರಗಳಿಂದ ನೆಲವನ್ನೇ ಬಟ್ಟಲಿನಾಕಾರಕ್ಕೆ ತೋಡಿ, ಲೋಹದ ಜಾಲರಿ ಹಾಸಿದರು. ಬಾಯಿ 263 ಅಡಿ ಉದ್ದ, 220 ಅಡಿ ಅಗಲ. ನೆಲದ ಕುಳಿ ತಿರುಗಲಾರದು, ಚಂದ್ರ ಅದರ ನೇರಕ್ಕೆ ಬಂದಾಗ ಮಾತ್ರ ಕೆಲಸ. 1951ರ ಅಕ್ಟೋಬರಿನಲ್ಲಿ ಮೊದಲ ಪ್ರತಿಧ್ವನಿ ಸಿಕ್ಕಿತು.

ಅಲ್ಲಿ ಸಿಕ್ಕ ಅಚ್ಚರಿ ಕದ್ದು ಕೇಳುವುದಕ್ಕಿಂತ ದೊಡ್ಡದು. ಚಂದ್ರ ಗುಂಡಗಿದ್ದಾನೆ. ಅವನ ಅಂಚು ನಮಗೆ ಎದುರಿರುವ ನಡುಭಾಗಕ್ಕಿಂತ 1,737 ಕಿ.ಮೀ. ಹಿಂದಿದೆ. ಹುಣ್ಣಿಮೆಯ ಚಂದ್ರ ಕಣ್ಣಿಗೆ ಅಂಚಿನವರೆಗೂ ಸಮನಾಗಿ ಬೆಳಗಿ ತಟ್ಟೆಯಂತೆ ಕಾಣುತ್ತಾನಲ್ಲ, ರೇಡಿಯೋ ಅಲೆಗೂ ಹಾಗೆಯೇ ಇದ್ದರೆ ನಡುವಿನಿಂದ ಬಂದ ಪ್ರತಿಧ್ವನಿಗೂ ಅಂಚಿನಿಂದ ಬಂದದ್ದಕ್ಕೂ ಸೆಕೆಂಡಿನ ನೂರರ ಒಂದು ಭಾಗಕ್ಕಿಂತ ಹೆಚ್ಚು ಅಂತರ ಬಿದ್ದು, ಮಾತು ಕಲಸುಮೇಲೋಗರ ಆಗಬೇಕು. ಎಲ್ಲರೂ ಹಾಗೆಯೇ ಎಣಿಸಿದ್ದರು. ಟ್ರೆಕ್ಸ್ಲರ್ ಬಹಳ ಚಿಕ್ಕ ಮಿಡಿತ ಕಳಿಸಿ ನೋಡಿದರೆ ಶಕ್ತಿಯ ಬಹುಭಾಗ ಸೆಕೆಂಡಿನ ಹತ್ತುಸಾವಿರದ ಒಂದು ಭಾಗದೊಳಗೇ ಬಂದುಬಿಟ್ಟಿತ್ತು. ಅಂದರೆ ನಡುವಿನ ಕೆಲವು ನೂರು ಕಿ.ಮೀ. ಅಗಲದ ಜಾಗವೇ ಬಹುಪಾಲು ಕೆಲಸ ಮಾಡುತ್ತಿದೆ. ಸುಣ್ಣದ ಉಂಡೆಯನ್ನು ಬೆಳಕಿಗೆ ಹಿಡಿದರೆ ಪೂರ್ತಿ ಬೆಳ್ಳಗೆ ಕಾಣುತ್ತದೆ, ನೇರಳೆ ಹಣ್ಣನ್ನು ಹಿಡಿದರೆ ಮಧ್ಯದಲ್ಲೊಂದು ಚುಕ್ಕೆ ಮಿನುಗುತ್ತದೆ. ಕಣ್ಣಿಗೆ ಚಂದ್ರ ಸುಣ್ಣದುಂಡೆ, ರೇಡಿಯೋಗೆ ನೇರಳೆ ಹಣ್ಣು. ಒಂದೂವರೆ ಮೀಟರ್ ಉದ್ದದ ಅಲೆಗೆ ದೂಳು, ಜಲ್ಲಿ ಇವೆಲ್ಲ ಲೆಕ್ಕಕ್ಕೇ ಇಲ್ಲ. ಅದರ ಪಾಲಿಗೆ ಚಂದ್ರ ಸಾಕಷ್ಟು ನುಣುಪು.

ನುಣುಪಾಗಿದ್ದರೆ ಮಾತೂ ಸ್ಪಷ್ಟವಾಗಿ ಬರಬೇಕು. 1951ರ ನವೆಂಬರಿನಲ್ಲಿಯೇ ಅಯೋವಾದ ಸೀಡರ್ ರ‍್ಯಾಪಿಡ್ಸ್‌ನಿಂದ ವರ್ಜೀನಿಯಾದ ಸ್ಟರ್ಲಿಂಗ್‌ಗೆ ಬೇರೊಂದು ತಂಡ ನಿಧಾನದ ಮೋರ್ಸ್ ಸಂಕೇತದಲ್ಲಿ ಚಂದ್ರನ ಮೂಲಕ ಸಂದೇಶ ಕಳಿಸಿತ್ತು, 1844ರಲ್ಲಿ ಮೋರ್ಸ್ ತನ್ನ ತಂತಿಯಲ್ಲಿ ಕಳಿಸಿದ್ದ ಬೈಬಲ್ ವಾಕ್ಯವನ್ನೇ. ಟ್ರೆಕ್ಸ್ಲರ್ 1954ರ ಜುಲೈ 24ರಂದು ಮೈಕಿನ ಮುಂದೆ ನಿಂತು ಮಾತನಾಡಿದರು. ಎರಡೂವರೆ ಸೆಕೆಂಡಿನ ನಂತರ ಅವರ ಧ್ವನಿ ಅವರಿಗೇ ಕೇಳಿಸಿತು. ಮನುಷ್ಯನ ಧ್ವನಿ ಚಂದ್ರನವರೆಗೆ ಹೋಗಿ ಬಂದದ್ದು ಅದೇ ಮೊದಲು.

ನೌಕಾಪಡೆಗೆ ಇದರಲ್ಲಿ ತಕ್ಷಣದ ಉಪಯೋಗ ಕಂಡಿತು. ಸೂರ್ಯ ಸಿಡುಕಿದಾಗಲೆಲ್ಲ ಅಯಾನುಗೋಳ ಕದಡಿ ಶಾರ್ಟ್‌ವೇವ್ ಸಂಪರ್ಕ ಕಡಿಯುತ್ತಿತ್ತು, ಹವಾಯಿಯ ಮುಖ್ಯ ನೆಲೆಯೊಂದಿಗೂ ಮಾತು ನಿಲ್ಲುತ್ತಿತ್ತು. ಚಂದ್ರ ಅಲುಗಾಡುವವನಲ್ಲ. 1955ರ ನವೆಂಬರಿನಲ್ಲಿ ವಾಷಿಂಗ್ಟನ್ ಕಡೆಯಿಂದ ಸ್ಯಾನ್ ಡಿಯಾಗೋಗೆ, 1956ರ ಜನವರಿಯಲ್ಲಿ ಹವಾಯಿಗೆ ಟೆಲಿಪ್ರಿಂಟರ್ ಸಂದೇಶ ಹೋಯಿತು. 1960ರ ಹೊತ್ತಿಗೆ 84 ಅಡಿ ಬಟ್ಟಲುಗಳ ಪೂರ್ಣ ವ್ಯವಸ್ಥೆ ಸಿದ್ಧವಾಗಿ, ಆ ವರ್ಷದ ಜನವರಿಯಲ್ಲಿ ಹವಾಯಿಯಿಂದ ಒಂದು ಚಿತ್ರ ಬಂತು: ಹ್ಯಾನ್‌ಕಾಕ್ ಎಂಬ ವಿಮಾನವಾಹಕ ಹಡಗಿನ ಡೆಕ್ಕಿನ ಮೇಲೆ ನಾವಿಕರು ಸಾಲುಗಟ್ಟಿ ನಿಂತು ‘ಮೂನ್ ರಿಲೇ’ ಎಂಬ ಅಕ್ಷರಗಳನ್ನು ರಚಿಸಿದ್ದರು. ಸಾವಿರಾರು ಮಂದಿ ನಿಂತ ಆ ಡೆಕ್ಕು ಚಂದ್ರನಿಗೆ ಬಡಿದು ವಾಷಿಂಗ್ಟನ್ನಿನಲ್ಲಿ ಕಾಗದದ ಮೇಲೆ ಇಳಿಯಿತು.

ವೈಭವ ಬಹುಕಾಲ ಉಳಿಯಲಿಲ್ಲ. ಚಂದ್ರ ಎರಡೂ ಊರಿನ ಆಕಾಶದಲ್ಲಿರುವ ಗಂಟೆಗಳು ಮಾತ್ರ ಮಾತು, ಉಳಿದ ಹೊತ್ತು ಮೌನ. ಅದೇ ವರ್ಷ ಆಗಸ್ಟಿನಲ್ಲಿ ಎಕೋ ಎಂಬ ಬೃಹತ್ ಬಲೂನು ಕಕ್ಷೆಗೇರಿತು, 1962ರಲ್ಲಿ ಟೆಲ್‌ಸ್ಟಾರ್ ಬಂತು. ಕೃತಕ ಉಪಗ್ರಹಗಳ ಮುಂದೆ ಸಹಜ ಉಪಗ್ರಹದ ನೌಕರಿ ಹೋಯಿತು. ಕದ್ದು ಕೇಳುವ ಕೆಲಸ ಮಾತ್ರ ಇನ್ನಷ್ಟು ವರ್ಷ ನಡೆಯಿತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಈಗಲೂ ನಿಂತಿರುವ 150 ಅಡಿ ಬಟ್ಟಲು 1960ರ ದಶಕದಲ್ಲಿ, ಸೋವಿಯತ್ ಒಕ್ಕೂಟದ ‘ಹೆನ್ ಹೌಸ್’ ರಾಡಾರಿನ ಅಲೆಗಳನ್ನು ಚಂದ್ರನ ಮೈಯಿಂದ ಹೆಕ್ಕಿಕೊಂಡಿತು.

ಸರ್ಕಾರಗಳು ಕೈಬಿಟ್ಟದ್ದನ್ನು ಹವ್ಯಾಸಿಗಳು ಬಿಡಲಿಲ್ಲ. ಅವರಿಗೆ ಅಮೆರಿಕದಲ್ಲಿ ಕಾನೂನು ಕೊಟ್ಟದ್ದು ಹೆಚ್ಚೆಂದರೆ ಒಂದು ಕಿಲೋವಾಟ್, ಜಾಗ ಹಿತ್ತಲು. ರಾಸ್ ಬೇಟ್‌ಮನ್ ಮತ್ತು ವಿಲಿಯಂ ಸ್ಮಿತ್ ಎಂಬಿಬ್ಬರು ಹ್ಯಾಮ್‌ಗಳು 1953ರ ಜನವರಿಯಲ್ಲಿ 144 ಮೆಗಾಹರ್ಟ್ಸ್‌ನಲ್ಲಿ ತಮ್ಮದೇ ಪ್ರತಿಧ್ವನಿ ಪತ್ತೆ ಹಚ್ಚಿದರು. 1960ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಮತ್ತು ಮ್ಯಾಸಚೂಸೆಟ್ಸ್‌ನ ಎರಡು ಹವ್ಯಾಸಿ ಸಂಘಗಳು 1,296 ಮೆಗಾಹರ್ಟ್ಸ್‌ನಲ್ಲಿ ಚಂದ್ರನ ಮೂಲಕ ಪರಸ್ಪರ ಮಾತನಾಡಿದವು.

ಈ ಶತಮಾನದ ಆರಂಭದಲ್ಲಿ ಹ್ಯಾಮ್‌ಗಳಿಗೆ ಹೊಸ ಕಿವಿ ಬಂದದ್ದು ಜೋ ಟೇಲರ್ ಅವರಿಂದ. ಜೋಡಿ ತಾರೆಯಲ್ಲಿರುವ ಪಲ್ಸಾರ್ ಕಂಡುಹಿಡಿದದ್ದಕ್ಕೆ 1993ರಲ್ಲಿ ನೊಬೆಲ್ ಹಂಚಿಕೊಂಡ ಅವರು ಬಾಲ್ಯದಿಂದಲೂ ಹ್ಯಾಮ್. 2003ರಲ್ಲಿ ಅವರು ಬರೆದ ಜೆಟಿ-65 ಎಂಬ ಸಂಕೇತಪದ್ಧತಿಯಲ್ಲಿ ಹದಿಮೂರು ಅಕ್ಷರದ ಸಂದೇಶ ಹೋಗಲು ಮುಕ್ಕಾಲು ನಿಮಿಷ ಹಿಡಿಯುತ್ತದೆ. ಸಂದೇಶದ ಪ್ರತಿ ಕಣವನ್ನೂ ಗಣಿತದಿಂದ ಹಲವೆಡೆ ಹರಡಿ ಕಳಿಸುವುದರಿಂದ, ಕೇಳುವ ಕಂಪ್ಯೂಟರ್ ಗದ್ದಲದಡಿಯ ಚೂರುಗಳನ್ನು ಕೂಡಿಸಿ ಮೂಲವನ್ನು ಕಟ್ಟಿಕೊಳ್ಳುತ್ತದೆ. ಬಾಯ್ ಅವರ ಗಾಜಿನ ಕೊಳವೆಗಳು ಈಗ ಲ್ಯಾಪ್‌ಟಾಪಿನೊಳಗಿವೆ. ಮನುಷ್ಯನ ಕಿವಿಗೆ ಏನೂ ಕೇಳದಿದ್ದರೂ ಪರದೆಯ ಮೇಲೆ ಅಕ್ಷರ ಮೂಡುತ್ತದೆ. ನೂರಿನ್ನೂರು ವಾಟ್ ಮತ್ತು ಮಾಳಿಗೆಯ ಮೇಲಿನ, ಹಳೆಯ ಟಿವಿ ಆ್ಯಂಟೆನಾದಂಥ ಒಂದು ಯಾಗಿ ಆ್ಯಂಟೆನಾ ಇದ್ದವರು, ಆಚೆ ತುದಿಯಲ್ಲಿ ದೊಡ್ಡ ಆ್ಯಂಟೆನಾದವರು ಯಾರಾದರೂ ಸಿಕ್ಕರೆ, ಖಂಡಾಂತರ ಸಂಪರ್ಕ ಸಾಧಿಸುತ್ತಾರೆ.

ಇಷ್ಟೆಲ್ಲ ಮಾಡಿ ಅವರು ಆಡುವುದೇನು ಎಂದು ಕೇಳಬಹುದು. ಚಂದ್ರನ ಮೂಲಕ ನಡೆಯುವ ಹ್ಯಾಮ್ ಸಂಭಾಷಣೆಯ ಕ್ರಮ ಗೊತ್ತುಪಡಿಸಿದ್ದು. ಮೊದಲು ಇಬ್ಬರ ಕರೆಗುರುತು, ಎಂದರೆ ಅಕ್ಷರ, ಅಂಕಿ ಸೇರಿದ ಅವರವರ ರೇಡಿಯೋ ಹೆಸರು. ಅದನ್ನು ಹಿಡಿದವರು ‘ಓ ಓ ಓ’ ಕಳಿಸುತ್ತಾರೆ, ನಿನ್ನದೂ ನನ್ನದೂ ಎರಡೂ ಗುರುತು ಕೇಳಿಸಿತು ಎಂದು. ಈಚೆಯಿಂದ ‘ಆರ್ ಓ’, ನನಗೂ ಕೇಳಿಸಿತು, ನೀನು ಕಳಿಸಿದ ಓ ಕೂಡ ಸಿಕ್ಕಿತು. ಆಚೆಯಿಂದ ‘ಆರ್ ಆರ್ ಆರ್’, ಅದೂ ಸಿಕ್ಕಿತು. ಹೊರಡುವ ಮುನ್ನ ‘73’, ನಮಸ್ಕಾರ. ಒಬ್ಬೊಬ್ಬರ ಸರದಿಗೆ ಒಂದೊಂದು ನಿಮಿಷ, ಚಂದ್ರ ಇನ್ನೂ ಮರದ ಮೇಲೆಯೇ ಇದ್ದರೆ ಮುಂದಿನ ಕರೆ.